ಸರ್ವೋತ್ತಮ ಮಾಸ್ಟ್ರ ನಲವತ್ತು ಪತ್ರಗಳು

ನಮ್ಮ ಸರ್ವೋತ್ತಮ ಮಾಸ್ಟ್ರಿಗೆ ಭಾರೀ ಇಂಗ್ಲಿಷ್ ಬರುತ್ತಿತ್ತು ಎಂದು ಯಾರಾದರೂ ಹೇಳಿದರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ. ಅವರಿಗೆ ಬಾಯಿಪಾಠ ಬರುತ್ತಿದ್ದದ್ದು ನಲವತ್ತು ಪತ್ರಗಳು. ಬೆಳ್ಮಣ್ಣಿನ ಹತ್ತಿರದ ನಮ್ಮ ಹೈಸ್ಕೂಲಿನಲ್ಲಿ ಹದಿನೆಂಟು ವರ್ಷ ಅವನ್ನೇ ಹೇಳಿ ಬರೆಸಿದರು. ರಜೆ ಕೇಳುವುದು, ಕೆಲಸ ಕೇಳುವುದು, ಗೆಳೆಯನಿಗೆ ಪ್ರವಾಸದ ಸುದ್ದಿ ತಿಳಿಸುವುದು. ಸೆಕೆಗಾಲದಲ್ಲೂ ಕೋಟಿನ ಗುಂಡಿ ಬಿಚ್ಚದೆ, ಕಣ್ಣು ಮುಚ್ಚಿ, ಒಂದಕ್ಷರ ಆಚೀಚೆ ಆಗದಂತೆ ಹೇಳುತ್ತಿದ್ದರು. ಊರವರು ಆ ಕೋಟಿಗೇ ಕೈ ಮುಗಿಯುತ್ತಿದ್ದರು.

ಒಮ್ಮೆ ಪ್ರವಾಸದ ಪತ್ರವನ್ನು ನಾನು ನನ್ನದೇ ಮಾತಿನಲ್ಲಿ ಬರೆದೆ. ಅಜ್ಜಿಯ ಜೊತೆ ಕಾಪುವಿನ ಕಡಲಿಗೆ ಹೋದದ್ದು, ಅಲೆ ಕಂಡು ಅವಳು ಹೆದರಿ ಸೀರೆ ಎತ್ತಿ ಓಡಿದ್ದು.

"ನಿನ್ನ ಅಜ್ಜಿಯ ಕತೆ ಯಾರಿಗೆ ಬೇಕು ಕುಶಲಾ? ನಾನು ಕೊಟ್ಟದ್ದನ್ನು ಬಾಯಿಪಾಠ ಮಾಡು," ಎಂದು ಮಾಸ್ಟ್ರು ಸೊನ್ನೆ ಹಾಕಿದರು. ಮಾಡಿದೆ. ಬುದ್ಧಿಗೇಡಿ ನಾನು.

ಐವತ್ತೊಂಬತ್ತರಲ್ಲಿ ಕಾರ್ಕಳದಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ. ಗೆಳೆಯನಿಗೆ ಪ್ರವಾಸದ ಪತ್ರ ಬರೆಯಿರಿ ಎಂಬ ಪ್ರಶ್ನೆಯೇ ಬಂತು. ನಾವು ಇಪ್ಪತ್ತೊಂಬತ್ತು ಮಂದಿಯೂ ರೊಸಾರಿಯೊ ಎಂಬ ಗೆಳೆಯನಿಗೆ ಬರೆದೆವು. ಇಪ್ಪತ್ತೊಂಬತ್ತು ಮಂದಿಯೂ ಸೋದರಮಾವನ ಜೊತೆ ಗೊಮ್ಮಟನ ಬೆಟ್ಟ ಹತ್ತಿದೆವು. ಇಪ್ಪತ್ತೊಂಬತ್ತು ಮಾವಂದಿರೂ ಒಂದೇ ಮೆಟ್ಟಿಲಲ್ಲಿ ಜಾರಿ ಎಡಗಾಲಿನ ಚಪ್ಪಲಿ ಕಳೆದುಕೊಂಡರು! ನನ್ನ ಬೆಂಚಿನ ಸಿಸಿಲಿಯಾಳಿಗಂತೂ ಸೋದರಮಾವನೇ ಇಲ್ಲ.

ಫಲಿತಾಂಶ ತಡೆದು ನಿಲ್ಲಿಸಿದರು. ಇದು ಸಾಮೂಹಿಕ ನಕಲು, ಇಂಗ್ಲಿಷ್ ಮಾಸ್ಟ್ರು ಹತ್ತು ದಿನದೊಳಗೆ ಇಂಗ್ಲಿಷಿನಲ್ಲಿ ವಿವರಣೆ ಬರೆದು ಕಳುಹಿಸಬೇಕು ಎಂದು ಮೇಲಿನಿಂದ ಕಾಗದ ಬಂತು. ಉಡುಪಿಯಲ್ಲಿ ಟೀಚರ್ ಟ್ರೈನಿಂಗಿಗೆ ನನಗೊಂದು ಸೀಟು ಹಿಡಿದಿಟ್ಟಿದ್ದರು. ತಿಂಗಳ ಕೊನೆಯೊಳಗೆ ಅಂಕಪಟ್ಟಿ ಕೊಡದಿದ್ದರೆ ಆ ಸೀಟು ಬೇರೆಯವರಿಗೆ. ಇನ್ನೊಂದು ವರ್ಷ ಓದಿಸುವುದಿಲ್ಲ ಎಂದು ಅಪ್ಪ ಖಡಾಖಂಡಿತ ಹೇಳಿದ್ದರು. ಎಂಟು ದಿನ ಕಾದರೂ ಮಾಸ್ಟ್ರು ವಿವರಣೆ ಕಳುಹಿಸಿದ ಸುದ್ದಿಯಿಲ್ಲ. ನಾನೂ ಸಿಸಿಲಿಯಾಳೂ ಮಾಸ್ಟ್ರ ಮನೆಗೆ ಓಡಿದೆವು.

"ಬರೆದು ಆಯಿತಾ ಮಾಸ್ಟ್ರೇ?"

ಮಾಸ್ಟ್ರು ಪತ್ರಗಳ ಹಳೇ ನೋಟು ಪುಸ್ತಕವನ್ನು ತಿರುವಿ ಹಾಕುತ್ತಿದ್ದರು. "ಇಂಥದ್ದು ಇದರಲ್ಲಿ ಇಲ್ಲ ಅಲ್ವಾ," ಎಂದರು, ಮೆಲ್ಲಗೆ.

ಕಳುಹಿಸಲೆಂದು ಮೇಜಿನ ಮೇಲೆ ಒಂದು ಕಾಗದ ಬರೆದಿಟ್ಟಿದ್ದರು. ಓದಿದೆ. ಏಳನೆಯ ಪತ್ರ! ತನಗೆ ಜ್ವರ, ದಯವಿಟ್ಟು ಮೂರು ದಿನದ ರಜೆ ಬೇಕು. ಥೂ! ಇಪ್ಪತ್ತೊಂಬತ್ತು ಮಕ್ಕಳ ಬಾಳು ನೇತಾಡುತ್ತಿರುವಾಗ ಈ ಮಹಾಪಂಡಿತರಿಗೆ ಜ್ವರ.

"ಒಂದು ಹಾಳೆ ಕೊಡಿ. ನಾನು ಬರೆಯುತ್ತೇನೆ."

"ನೀನಾ? ನಿನಗೆ ಎಂತ ಗೊತ್ತುಂಟು?"

"ಆದದ್ದು ಎಂತ ಅಂತ ಗೊತ್ತುಂಟು."

ಮಾಸ್ಟ್ರೇ ಬರೆದ ಹಾಗೆ, ಅವರ ಹೆಸರಿನಲ್ಲಿ ಬರೆದೆ. ನನ್ನ ಮಕ್ಕಳು ನಕಲು ಮಾಡಲಿಲ್ಲ. ಪ್ರವಾಸಕ್ಕೆಂದು ನಾನು ಈ ಪತ್ರವೊಂದನ್ನೇ ಉರು ಹೊಡೆಸಿದ್ದೇನೆ, ಅವರಿಗೆ ಬೇರೆ ಬರೆಯಲು ಬರುವುದಿಲ್ಲ. ನಂಬಿಕೆ ಇಲ್ಲದಿದ್ದರೆ ಒಬ್ಬೊಬ್ಬರನ್ನೇ ಕರೆದು ಕೇಳಿ, ನಿಂತಲ್ಲೇ ಹೇಳುತ್ತಾರೆ. ತಪ್ಪು ನನ್ನದು. ನಾನು ಬರೆದ ಇಂಗ್ಲಿಷ್ ಕುಂಟುತ್ತಿತ್ತು, ಆದರೆ ಹೇಳಬೇಕಾದದ್ದನ್ನು ಹೇಳಿತು. ಕೊನೆಯ ಸಾಲಿನ ಮೇಲೆ ಮಾಸ್ಟ್ರು ಬಹಳ ಹೊತ್ತು ಬೆರಳಿಟ್ಟು ಕುಳಿತರು. ಬೇರೆ ಗತಿಯಿರಲಿಲ್ಲ. ಸಹಿ ಹಾಕಿದರು.

ಅಧಿಕಾರಿಯೊಬ್ಬರು ಶಾಲೆಗೇ ಬಂದು ನಮ್ಮನ್ನು ಒಬ್ಬೊಬ್ಬರಾಗಿ ಕೋಣೆಯೊಳಗೆ ಕರೆದು ಪತ್ರ ಹೇಳಿಸತೊಡಗಿದರು. ಐದನೆಯವನ ಮಾವ ಮೆಟ್ಟಿಲಲ್ಲಿ ಜಾರುವ ಹೊತ್ತಿಗೆ "ಸಾಕು ಮಾರಾಯ," ಎಂದು ಎದ್ದುಬಿಟ್ಟರಂತೆ. ಮರುವಾರ ಫಲಿತಾಂಶ ಬಂತು, ನಾನು ಉಡುಪಿಗೆ ಹೋದೆ.

ಎರಡು ವರ್ಷದ ಮೇಲೆ ರಜೆಗೆ ಬಂದಿದ್ದೆ. ತಂಗಿ ಮನೋರಮಾ ಜಗಲಿಯಲ್ಲಿ ಅತ್ತಿತ್ತ ನಡೆಯುತ್ತ ಇಂಗ್ಲಿಷ್ ಪತ್ರ ಉರು ಹೊಡೆಯುತ್ತಿದ್ದಳು. ಕಿವಿಗೊಟ್ಟು ಕೇಳಿದೆ. ನನ್ನದೇ ಪತ್ರ.

"ಇದು ಯಾವ ಪತ್ರ?"

"ನಲವತ್ತೊಂದನೆಯದು. ಮೇಲಧಿಕಾರಿಗೆ ವಿವರಣೆ. ಸರ್ವೋತ್ತಮ ಮಾಸ್ಟ್ರು ಒಂದೇ ಪತ್ರದಲ್ಲಿ ಇಡೀ ಕ್ಲಾಸನ್ನು ಪಾಸು ಮಾಡಿಸಿದ್ದರಂತೆ, ನಿನಗೆ ಗೊತ್ತಿಲ್ಲವಾ?"

"ಪೂರ್ತಿ ಹೇಳು."

ಹೇಳಿದಳು. ನಿಂತಲ್ಲೇ ಹೇಳುತ್ತಾರೆ ಎನ್ನುವಲ್ಲಿಗೆ ನಿಲ್ಲಿಸಿದಳು.

"ಮತ್ತೆ? ತಪ್ಪು ನನ್ನದು ಅಂತ ಒಂದು ಸಾಲು ಉಂಟಲ್ಲ?"

"ಇಲ್ಲಕ್ಕ, ಅಂಥ ಸಾಲೇ ಇಲ್ಲ," ಎಂದಳು ಮನೋರಮಾ. "ಮಾಸ್ಟ್ರು ಸ್ವಂತ ಬರೆದದ್ದು. ಅವರಿಗಿಂತ ನಿನಗೆ ಹೆಚ್ಚು ಗೊತ್ತುಂಟಾ?"