ಚರ್ಮದ ಹಿಡಿ, ನೂಲಿನ ಹಿಡಿ

ನಮ್ಮ ಮನೆಯವರ ಗಾಲ್ಫ್ ಚೀಲ ಯಾವತ್ತೂ ಮನೆಯ ಒಳಗೆ ಬಂದದ್ದಲ್ಲ. ಕೋಲುಗಳೆಲ್ಲ ಹಳೆಯ ಕಾಲದವು. ಈಗಿನವರ ಉಕ್ಕಿನ ಕೋಲುಗಳಂತಲ್ಲ, ಉದ್ದಕ್ಕೂ ಮರ, ಕೆಲವಕ್ಕೆ ತಲೆಯೂ ಮರದ್ದೇ. ಗಿಂಡಿ ಬಡಾವಣೆಯಲ್ಲಿ ಇವರು ಕೆಲಸಕ್ಕಿದ್ದ ಕಂಪನಿ ತನ್ನ ಹಳೆಯ ಬಂಗಲೆಯನ್ನು ಖಾಲಿ ಮಾಡಿಸಿದಾಗ ಮೂಲೆಯಲ್ಲಿ ಬಿದ್ದಿದ್ದವನ್ನು ಕೇಳಿ ತಂದುಕೊಂಡಿದ್ದರು. ಹಿಡಿಗೆಲ್ಲ ಚರ್ಮ ಸುತ್ತಿತ್ತು, ಚೀಲವೂ ಚರ್ಮದ್ದು. ನಮ್ಮದು ಮಡಿಯ ಮನೆ. ಅತ್ತೆ ಬಾಗಿಲಲ್ಲೇ ನಿಂತು, "ಅದೆಲ್ಲಾ ಒಳಗೆ ಬೇಡಪ್ಪಾ, ಮಾಡಿಪ್ಪಡಿ ಕೆಳಗೇ ಇಡು" ಅಂದಿದ್ದರು. ಇವರು ಮೆಟ್ಟಿಲ ಕೆಳಗೆ, ಕರೆಂಟ್ ಮೀಟರಿನ ಪಕ್ಕ, ಗೋಣಿ ಹೊದಿಸಿ ನಿಲ್ಲಿಸಿದರು.

ನಾವಿರುವುದು ತಮಿಳು ಸೀಮೆಯ ಕ್ರೋಂಪೇಟೆ. ಆಗೆಲ್ಲ ಗಾಳಿ ತಿರುಗಿದ ದಿನ ಚರ್ಮ ಹದ ಮಾಡುವ ಕಾರ್ಖಾನೆಯ ವಾಸನೆ ದೇವರ ಮನೆಯವರೆಗೂ ಬರುತ್ತಿತ್ತು. ಅದನ್ನು ಅತ್ತೆ ಏನು ಮಾಡಲಿಕ್ಕಾಗುತ್ತಿತ್ತು? ಚೀಲವನ್ನು ಮಾತ್ರ ತಡೆಯಬಹುದಿತ್ತು. ಅತ್ತೆ ಹೋದ ಮೇಲೂ ಇವರು ಅದನ್ನು ಮೇಲೆ ತರಲಿಲ್ಲ, ನಾನೂ ತನ್ನಿ ಅನ್ನಲಿಲ್ಲ. ಹಾಗಾಗಿ ಇವರು ಇರುವವರೆಗೆ ನಾನು ಅದನ್ನು ಮುಟ್ಟಿದ್ದೇ ಇಲ್ಲ.

ಇವರು ಹೋದ ಮೇಲೆ ಮುಟ್ಟಿದೆ. ಕರ್ಮವೆಲ್ಲ ಮುಗಿದು ನೆಂಟರು ಹೊರಟ ಒಂದು ಸಂಜೆ, ಕಸದ ಬುಟ್ಟಿ ಇಡಲು ಕೆಳಗೆ ಹೋದವಳು ಯಾಕೋ ಗೋಣಿ ಸರಿಸಿದೆ. ಎಲ್ಲಕ್ಕಿಂತ ದೊಡ್ಡ ಕೋಲನ್ನು ಎಳೆದೆ. ಅದರ ಹಿಡಿಯ ಚರ್ಮದಲ್ಲಿ ಒಂದು ಹಳ್ಳ ಬಿದ್ದಿತ್ತು, ಸರಿಯಾಗಿ ಒಂದು ಹೆಬ್ಬೆರಳಿನಷ್ಟು. ನನ್ನ ಬೆರಳು ಇಟ್ಟೆ. ಹಳ್ಳವೇ ದೊಡ್ಡದು, ನನ್ನ ಬೆರಳ ಸುತ್ತ ಜಾಗ ಉಳಿಯಿತು. ಮೆಟ್ಟಿಲ ಮೇಲೆ ಕೂತುಬಿಟ್ಟೆ. ಅವತ್ತಿನಿಂದ ಎಷ್ಟೋ ಸಂಜೆ ಹಾಗೆ ಹೋಗಿ ಕೂತಿದ್ದೇನೆ. ಮೇಲೆ ಬರುವ ಮೊದಲು ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದೆ. ತೊಳೆಯುವುದು ಅಭ್ಯಾಸ. ಚರ್ಮ ಮುಟ್ಟಿದ್ದಕ್ಕೆ ತೊಳೆಯುತ್ತಿದ್ದೇನೆ, ಆದರೆ ಮುಟ್ಟಿದ್ದು ಇವರ ಕೈಯನ್ನಲ್ಲವೇ ಎಂದು ನೀರು ಬಿಟ್ಟುಕೊಂಡು ನಿಂತಿರುತ್ತಿದ್ದೆ.

ಹೀಗಿರುವಾಗ ಇವರ ಸ್ನೇಹಿತರೊಬ್ಬರು ಫೋನ್ ಮಾಡಿದರು. ಮೈಸೂರಿನ ಕಡೆಯವರು, ಇವರ ಜೊತೆಗೇ ಕಂಪನಿಯಲ್ಲಿದ್ದವರು, ನನ್ನನ್ನು ಅತ್ತಿಗೆ ಅನ್ನುತ್ತಾರೆ. ವರ್ಷಕ್ಕೊಂದು ಭಾನುವಾರ ಹಳಬರೆಲ್ಲ ಸೇರಿ ಮರದ ಕೋಲುಗಳಲ್ಲೇ ಒಂದು ಸುತ್ತು ಆಡುವುದು ಅವರ ರೂಢಿ. ಈ ಸಲ ಇವರ ಕೋಲುಗಳಲ್ಲಿ ತಾವು ಆಡಲೇ ಎಂದು ಕೇಳಿದರು. ಚೀಲವನ್ನು ಹಾಗೇ ಕೊಟ್ಟು ಕಳಿಸಲು ನನಗೆ ಧೈರ್ಯ ಬರಲಿಲ್ಲ. ನಾನೂ ಬರುತ್ತೇನೆ ಅಂದೆ. ಅಂದ ಮೇಲೆ, ವರ್ಷ ತುಂಬದ ಮನೆಯವಳು ಆಟಕ್ಕೆ ಹೋಗಬಹುದೇ ಎಂಬ ಯೋಚನೆ ಹತ್ತಿತು. ಮಗಳನ್ನು ಕೇಳಿದೆ. ನಾನು ಕನ್ನಡದಲ್ಲಿ ಕೇಳಿದರೆ ಅವಳ ಉತ್ತರ ಯಾವಾಗಲೂ ತಮಿಳಿನಲ್ಲಿ. "ಪೋಯ್ಟು ವಾಮ್ಮಾ" ಅಂದಳು. ಹೋಗಿ ಬಾ ಅನ್ನುವುದು ಅವಳಿಗೆ ಎಷ್ಟು ಸುಲಭ.

ಆ ಬೆಳಿಗ್ಗೆ ಸ್ನಾನ ಮಾಡಿ, ಒಗೆದ ಮಡಿಸೀರೆಯನ್ನು ಎತ್ತರದ ಗಳುವಿನ ಮೇಲೆ ಕೋಲಿನಿಂದ ಹರವಿ, ಕೋಲನ್ನು ಬಚ್ಚಲ ಬಾಗಿಲ ಹಿಂದಿನ ಕೊಕ್ಕೆಗೆ ಹಾಕಿ ಕೆಳಗಿಳಿದೆ. ಸ್ನೇಹಿತರು ಚೀಲವನ್ನು ಕಾರಿನಲ್ಲಿ ಇಟ್ಟಾಗಿತ್ತು.

ಗಿಂಡಿಯ ಗಾಲ್ಫ್ ಮೈದಾನವನ್ನು ರೈಲಿನಿಂದಲೂ ನೋಡಿರಲಿಲ್ಲ ನಾನು. ಊರಿನ ನಡುವೆ ಅಷ್ಟು ಹುಲ್ಲು ಇದೆ ಎಂದೇ ಗೊತ್ತಿರಲಿಲ್ಲ. ಸ್ನೇಹಿತರು ಹೊಡೆದರು. ಮರದ ತಲೆಗೆ ಚೆಂಡು ತಾಗಿದಾಗ ಟಕ್ ಎಂದು, ಹಳೆಯ ಬಾಗಿಲಿನ ಅಗುಳಿ ಬಿದ್ದ ಹಾಗೆ ಸದ್ದಾಯಿತು. ಚೆಂಡು ಹೋದ ಕಡೆ ಎಲ್ಲರೂ ನಡೆದರು, ನಾನೂ ನಡೆದೆ. ಹೊಡೆಯುವುದು ಒಂದು ಗಳಿಗೆ, ನಡೆಯುವುದೇ ಹೆಚ್ಚು. ಇವರು ಇಷ್ಟು ವರ್ಷ ಹೀಗೆ ಸುಮ್ಮನೆ ನಡೆಯಲು ಬರುತ್ತಿದ್ದರೇ ಅನ್ನಿಸಿತು. ಮನೆಯಲ್ಲಿ ಅಂಗಡಿಗೆ ಹೋಗಿಬನ್ನಿ ಅಂದರೆ ಮೊಣಕಾಲು ನೋವು ಅನ್ನುತ್ತಿದ್ದವರು.

ಮುಂದಿನ ಜಾಗದಲ್ಲಿ ಸ್ನೇಹಿತರು ದೊಡ್ಡ ಕೋಲನ್ನು ನನ್ನ ಕಡೆ ಚಾಚಿ, ನೀವೂ ಒಂದು ಹೊಡೆಯಿರಿ ಎಂದರು. ಬೇಡ ಬೇಡ ಅನ್ನುತ್ತಲೇ ತೆಗೆದುಕೊಂಡೆ. ನನ್ನ ಹೆಬ್ಬೆರಳು ತಾನಾಗಿ ಆ ಹಳ್ಳಕ್ಕೆ ಹೋಯಿತು. ಅವರು ನಕ್ಕರು.

"ಅಲ್ಲಿಡಬೇಡಿ ಅತ್ತಿಗೆ. ಅದು ಯಾರೋ ಇಂಗ್ಲಿಷ್ ದೊರೆ ಬೆರಳು. ಈ ಚರ್ಮ ನಮ್ಮೋನು ಸುತ್ತಿದ್ದಲ್ಲ, ತರೋವಾಗ್ಲೇ ಹಿಂಗಿತ್ತು. ಆ ಗುಳಿ ಕಂಡ್ರೆ ಇವನಿಗೆ ಆಗ್ತಿರ್ಲಿಲ್ಲ. ಬೈಕೊಂಡು ಕೆಳಗೆ ಹಿಡೀತಿದ್ದ."

ಬೆರಳು ಕೆಳಗೆ ಸರಿಸಿದೆ. ಹೊಡೆದೆ. ಚೆಂಡು ನಾಲ್ಕು ಮಾರು ಉರುಳಿ ನಿಂತಿತು. ಎಲ್ಲರೂ ಒಳ್ಳೆಯ ಮನಸ್ಸಿನಿಂದ ಚಪ್ಪಾಳೆ ತಟ್ಟಿದರು.

ಆಮೇಲೆ ನಡೆದದ್ದು ಸರಿಯಾಗಿ ನೆನಪಿಲ್ಲ. ಇಷ್ಟು ತಿಂಗಳು ನಾನು ಯಾರ ಪಕ್ಕದಲ್ಲಿ ಕೂತಿದ್ದೆ? ಎಂದೋ ಕಡಲು ದಾಟಿ ಹೋದ, ಮುಖ ಗೊತ್ತಿಲ್ಲದ ಒಬ್ಬರ ಬೆರಳಿಗೆ ನನ್ನ ಬೆರಳು ಕೊಟ್ಟು ಅತ್ತಿದ್ದೆನೇ? ನಗಬೇಕೋ, ನಾಚಬೇಕೋ ಗೊತ್ತಾಗಲಿಲ್ಲ. ಹಾಗಾದರೆ ಇವರದು ಎಲ್ಲಿದೆ? ಅಂಗಿಗಳನ್ನು ಕೊಟ್ಟಾಗಿತ್ತು. ಕನ್ನಡಕವನ್ನೂ ಕೊಟ್ಟಾಗಿತ್ತು.

ಬಾವುಟ ನೆಟ್ಟ ಕುಳಿಯ ಹತ್ತಿರ ಬಂದಾಗ ಸ್ನೇಹಿತರು ಚೀಲದಲ್ಲಿ ಕೈಯಾಡಿಸಿ, "ಪಟ್ಟರ್ ಎಲ್ಲಿ?" ಎಂದರು. ಕುಳಿಗೆ ಚೆಂಡು ತಳ್ಳುವ ಕೋಲು ಬೇರೆಯಂತೆ, ಅದೇ ಇರಲಿಲ್ಲ. ಒಡನೆ ಅವರಿಗೇ ನೆನಪಾಯಿತು.

"ಅದು ನಿಮ್ಮನೇಲೇ ಇರತ್ತಲ್ಲ ಅತ್ತಿಗೆ, ಬಟ್ಟೆ ಕೆಲಸಕ್ಕೆ. ಪ್ರತಿ ವರ್ಷ ಇವನನ್ನ ರೇಗಿಸ್ತಿದ್ವಿ. ನಿನ್ನ ಪಟ್ಟರ್ ಸಂಜೆ ಡ್ಯೂಟಿಗೆ ಲೇಟಾಗತ್ತೆ, ಹೋಗಯ್ಯಾ ಅಂತ."

ಹೌದು. ಬಚ್ಚಲ ಬಾಗಿಲ ಹಿಂದಿನ ಕೋಲು. ಮಡಿಬಟ್ಟೆ ತೆಗೆಯುತ್ತಿದ್ದ ಬಿದಿರು ಸೀಳಿದಾಗ ಇವರೇ ಕೊಟ್ಟದ್ದು. ಅದಕ್ಕೂ ಮೊದಲು ಅದು ನಡುಮನೆಯಲ್ಲಿ ಇರುತ್ತಿತ್ತು. ಹಿಡಿಯ ಚರ್ಮ ಬಿಚ್ಚಿ, ನೂಲಿನ ಹುರಿಯನ್ನು ಇವರೇ ಕೂತು ಒತ್ತೊತ್ತಾಗಿ ಸುತ್ತಿದ್ದರು. ಮರ, ನೂಲು, ಹಿತ್ತಾಳೆಯ ತಲೆ, ಅತ್ತೆ ಬೇಡ ಅನ್ನಲು ಅದರಲ್ಲಿ ಏನೂ ಉಳಿದಿರಲಿಲ್ಲ. ಮಧ್ಯಾಹ್ನದ ಹೊತ್ತು ನೆಲದ ಮೇಲೆ ಲೋಟ ಮಲಗಿಸಿ ಚೆಂಡು ತಳ್ಳುತ್ತಿದ್ದರು. ಬಟ್ಟೆ ಕೆಲಸಕ್ಕೆ ಅದು ಮೋಟಾಯಿತೆಂದು ಗಳುವನ್ನೇ ಒಂದಿಷ್ಟು ಇಳಿಸಿ ಕಟ್ಟಿಕೊಟ್ಟರು. ವರ್ಷಕ್ಕೊಂದು ದಿನ ಕೋಲು ಕೊಕ್ಕೆಯಲ್ಲಿ ಇರುತ್ತಿರಲಿಲ್ಲ, ನಾನು ಗೊಣಗುತ್ತಿದ್ದೆ, ಸಂಜೆ ತೊಳೆದು ತಂದು ಹಾಕುತ್ತಿದ್ದರು. ಎಲ್ಲವೂ ಗೊತ್ತಿದ್ದದ್ದೇ. ಆದರೂ ಅದು ಆ ಚೀಲದ ಕೋಲು ಎಂಬುದು ನನ್ನ ತಲೆಯಿಂದ ಹೇಗೆ ಹೋಯಿತೋ! ಬೆಳಿಗ್ಗೆ ತಾನೇ ಹಿಡಿದಿದ್ದೆ.

ಸ್ನೇಹಿತರು ಬೇರೊಬ್ಬರ ಪಟ್ಟರ್ ಕೇಳಿ ಆಟ ಮುಗಿಸಿದರು. ಮನೆಯ ಹತ್ತಿರ ಇಳಿಸುವಾಗ, ಮುಂದಿನ ವರ್ಷಕ್ಕೆ ಅದನ್ನೂ ಕೊಡಿ, ಆ ನೂಲು ಜಿಡ್ಡುಗಟ್ಟಿರಬಹುದು, ತೆಗೆಸಿ ಹೊಸದು ಸುತ್ತಿಸುತ್ತೇನೆ ಎಂದರು. ನಾನು ತಲೆಯಾಡಿಸಿದೆ. ಹೂಂ ಎಂದೋ ಬೇಡ ಎಂದೋ ಅವರಿಗೆ ತಿಳಿದಿರಲಾರದು. ನನಗೂ ತಿಳಿಯಲಿಲ್ಲ.

ಮೇಲೆ ಬಂದು ಕೋಲನ್ನು ಕೊಕ್ಕೆಯಿಂದ ತೆಗೆದೆ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ನೂಲು ಒಂದು ಕಡೆ ಕಪ್ಪಾಗಿ ನುಣ್ಣಗಾಗಿತ್ತು. ಅಲ್ಲಿ ಕೈ ಇಟ್ಟರೆ ಸರಿಯಾಗಿ ಕೂತಿತು. ಕೂರದೆ ಏನು, ದಿನಾ ಹಿಡಿದದ್ದು ನಾನೇ. ಇವರ ಕೈಯ ಗುರುತು ಅದರ ಅಡಿಯಲ್ಲಿ ಇರಬಹುದು. ಇಲ್ಲವೇ ನಾನೇ ಇಷ್ಟು ವರ್ಷ ಬಟ್ಟೆ ಹರವಿ ಹರವಿ ಅದನ್ನು ಅಳಿಸಿರಬಹುದು. ಹತ್ತಿರ ತಂದು ಮೂಸಿದೆ. ಸೋಪಿನ ವಾಸನೆ ಬಂತು.

ಸೀರೆ ಒಣಗಿ ಗಳುವಿನ ಮೇಲೆಯೇ ಇತ್ತು, ತೆಗೆಯಬೇಕಿತ್ತು. ನೂಲು ಮುಟ್ಟದೆ, ಅದಕ್ಕಿಂತ ಕೆಳಗೆ, ಬರಿ ಮರದ ಮೇಲೆ ಕೈಯಿಟ್ಟು ಎತ್ತಿದೆ. ಹಾಗೆ ಹಿಡಿದರೆ ಕೋಲು ಮೋಟಾಗುತ್ತದೆ, ಸೀರೆಯ ಅಂಚೂ ಎಟುಕಲಿಲ್ಲ. ಅಡುಗೆ ಮನೆಯಿಂದ ಸ್ಟೂಲ್ ತಂದುಕೊಂಡೆ.