ಹುಬ್ಬು ಎತ್ತಿಸಿದ ನರ್ಸಮ್ಮ

ನರ್ಸಮ್ಮನ ಗಡಿಯಾರ ಕೈಯಲ್ಲಿರಲಿಲ್ಲ, ಎದೆ ಮೇಲೆ ಸೆರಗಿನ ಪಿನ್ನಿಗೆ ತಲೆಕೆಳಗಾಗಿ ನೇತಾಡುತ್ತಿತ್ತು. ನಮಗೆ ತಲೆಕೆಳಗು, ಅವಳು ಬಗ್ಗಿ ನೋಡಿದರೆ ನೆಟ್ಟಗೆ. ತರೀಕೆರೆಯ ಆಸ್ಪತ್ರೆಯಿಂದ ನಿವೃತ್ತಳಾಗಿ ಅಜ್ಜಂಪುರದಲ್ಲಿ ನಮ್ಮ ಪಕ್ಕದ ಮನೆಗೆ ಬಂದ ಮೇಲೂ ಅದನ್ನು ಬಿಚ್ಚಿಡಲಿಲ್ಲ.

ಕಾಯಿಲೆಯನ್ನು ಅದರ ಹೆಸರಿನಿಂದ ಕರೆಯದವರನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ಕೈ ನಡುಗುವ ದಿನಸಿ ಅಂಗಡಿಯವನನ್ನು ಬೀದಿಯವರೆಲ್ಲ ಕುಡುಕ ಎನ್ನುತ್ತಿದ್ದೆವು, ನಾನೂ ಎಂದಿದ್ದೇನೆ. "ಕುಡುಕ ಅಲ್ಲ ಕಣ್ರೇ, ಪಾರ್ಕಿನ್ಸನ್ ಕಾಯಿಲೆ. ಎಲ್ಲಿ, ಅನ್ನಿ ನೋಡಣ!" ನಲ್ಲಿ ಹತ್ತಿರ ನಿಂತವರ ಬಾಯಲ್ಲೆಲ್ಲ ಹೇಳಿಸಿಯೇ ಕೊಡ ತುಂಬಿಕೊಳ್ಳಲು ಬಿಟ್ಟಳು.

ಒಂದು ಗುರುವಾರ ಬೆಳಿಗ್ಗೆ ಬಾಯಿ ಮುಕ್ಕಳಿಸಿದರೆ ನೀರು ಎಡಗಡೆಯಿಂದ ತಾನಾಗಿ ಸುರಿಯಿತು. ಎಡಗಣ್ಣು ಮುಚ್ಚುತ್ತಿಲ್ಲ. ಕನ್ನಡಿಯಲ್ಲಿ ಅರ್ಧ ಮುಖ ನನ್ನದು, ಅರ್ಧ ಯಾರದೋ. "ಲಕ್ವಾ ಹೊಡೆದ್ಬಿಟ್ಟಿದೆ!" ಎಂದು ಓರಗಿತ್ತಿ ಕೂಗಿಕೊಂಡಳು. ಮೈದುನ ಅರ್ಧ ಗಂಟೆಯಲ್ಲಿ ಬುಟ್ಟಿಯಲ್ಲಿ ಪಾರಿವಾಳ ತಂದ. ಲಕ್ವಾ ಹೊಡೆದವರ ಕೆನ್ನೆಗೆ ಅದರ ಬಿಸಿ ರಕ್ತ ಹಚ್ಚುವುದು ನಮ್ಮಲ್ಲಿ ಹಳೇ ಪದ್ಧತಿ. ಮಂಗಳವಾರ ನಾಟಿ ವೈದ್ಯನ ಹತ್ತಿರ ಎಣ್ಣೆಗೆ ಹೋಗುವುದೆಂದೂ ತೀರ್ಮಾನವಾಯಿತು. ನನ್ನನ್ನು ಯಾರೂ ಕೇಳಲಿಲ್ಲ.

ಗಲಾಟೆ ಕೇಳಿ ನರ್ಸಮ್ಮ ಬಂದಳು. ಎರಡೂ ಕೈ ಎತ್ತಿಸಿದಳು, ನಡೆಸಿದಳು; ಎಲ್ಲ ಸರಿಯಿತ್ತು. "ಈಗ ಹುಬ್ಬು ಎತ್ತೇ." ಬಲಗಡೆಯದು ಎದ್ದಿತು. ಎಡಗಡೆ ಹಣೆಯಲ್ಲಿ ಒಂದು ಸುಕ್ಕೂ ಬೀಳಲಿಲ್ಲ. ಅವಳು ತೊಡೆ ತಟ್ಟಿ, "ಸದ್ಯ!" ಎಂದು ಕೂಗಿದಳು.

ನನಗೆ ಮೈಯೆಲ್ಲ ಉರಿಯಿತು. ತೊದಲುತ್ತಲೇ ಕೇಳಿದೆ, "ನನ್ ಮುಖ ಸೊಟ್ಟ ಆದ್ರೆ ನಿಂಗೆ ಖುಷಿನಾ?"

"ಖುಷಿನೇ ಕಣೇ! ಮಿದುಳಿಂದ ಆಗಿದ್ರೆ ಸಾಮಾನ್ಯವಾಗಿ ಹುಬ್ಬು ಮಾತ್ರ ಏಳುತ್ತೆ. ನಿಂಗೆ ಅದೂ ಏಳ್ತಿಲ್ಲ. ಇದು ಬೆಲ್ಸ್ ಪಾಲ್ಸಿ ಇದ್ದಂಗಿದೆ. ಮುಖದ ನರ ಊದ್ಕೊಂಡಿರೋದು."

"ಬೆಲ್ ಯಾರು?"

"ಅದನ್ನ ಗುರುತಿಸಿದ ಡಾಕ್ಟ್ರು."

"ಸೊಟ್ಟ ಆಗಿರೋದು ನನ್ ಮುಖ, ಹೆಸರು ಅವನದಾ?"

"ಜಗಳ ಆಮೇಲೆ ಆಡು. ಮೂರು ದಿನದೊಳಗೆ ಮಾತ್ರೆ ಶುರು ಆಗ್ಬೇಕು. ಡಾಕ್ಟ್ರು ನೋಡ್ಲಿ, ನಡಿ."

ಮೈದುನ ಮಂಗಳವಾರ ಎಂದು ಬಾಯಿ ತೆಗೆಯುವಷ್ಟರಲ್ಲಿ ಅವಳು ಎದೆಯ ಗಡಿಯಾರ ನೋಡಿ, ಬುಟ್ಟಿಯ ಮುಚ್ಚಳ ಎತ್ತಿ ಎಸೆದಳು. ಪಾರಿವಾಳ ಹೆಂಚಿನ ಮೇಲೆ ಹಾರಿತು. ನಾವು ಬಸ್ಸು ಹತ್ತಿದೆವು.

ತರೀಕೆರೆಯ ಡಾಕ್ಟರೂ ಹುಬ್ಬೇ ಎತ್ತಿಸಿದರು, ಅದೇ ಹೆಸರು ಹೇಳಿದರು. ಮಾತ್ರೆ, ಕಣ್ಣಿಗೆ ಹನಿ. ವಾಪಸ್ಸು ಬರುವಾಗ ಬಸ್ಸಿನಲ್ಲೇ ಪಾಠ. "ಅನ್ನು, ಬೆಲ್ಸ್ ಪಾಲ್ಸಿ." ತುಟಿ ಕೂಡದೆ ಬ ಇಲ್ಲ, ಪ ಇಲ್ಲ, ಬರೀ ಗಾಳಿ ಹೋಯಿತು. "ಟ್ಯೂಬು ಪಂಕ್ಚರ್" ಎಂದಳು. ನನಗೂ ನಗು ಬಂತು, ಅದೂ ಸೊಟ್ಟಗೆ.

ಅಲ್ಲಿಂದ ದಿನಾ ಬೆಳಿಗ್ಗೆ ಕಾಂಪೌಂಡಿನಾಚೆಯಿಂದ, "ಏನೇ ನಿನ್ ಕಾಯಿಲೆ ಹೆಸರು?" ಐದನೇ ವಾರ ಒಂದು ದಿನ ಅವಳು ಕೇಳುವ ಮೊದಲೇ ನಾನೇ ಓಡಿದೆ. "ಬೆಲ್ಸ್ ಪಾಲ್ಸಿ! ಬೆಲ್ಸ್ ಪಾಲ್ಸಿ!" ಬಾಯಲ್ಲಿ ಬ್ರಶ್ ಇಟ್ಟುಕೊಂಡೇ ಅವಳು ಕುಣಿದಳು.

ಹೋದ ವರ್ಷ ನಿದ್ದೆಯಲ್ಲೇ ಹೋದಳು. ದಿಂಬಿನ ಪಕ್ಕ ಗಡಿಯಾರ ಓಡುತ್ತಿತ್ತು. ನಾನು ಅಳಲಿಲ್ಲ, ಅಳುವವರು ಬೇಕಾದಷ್ಟು ಜನ ಇದ್ದರು.

ಮೊನ್ನೆ ಕಡೂರು ಬಸ್ ಸ್ಟ್ಯಾಂಡಿನಲ್ಲಿ ಒಬ್ಬಳು ಸೆರಗಿನಲ್ಲಿ ಬಾಯಿ ಮುಚ್ಚಿ ಕುಳಿತಿದ್ದಳು. ಟೀ ಕುಡಿಯಲು ಸೆರಗು ಸರಿಸಿದರೆ, ಒಂದು ಕಡೆಯಿಂದ ಸೋರಿತು.

"ಯಾವಾಗಿಂದ?" ಎಂದೆ.

"ನಿನ್ನೆಯಿಂದ ಕಣಮ್ಮ."

"ಹುಬ್ಬು ಎತ್ತೇ."

ಒಂದೇ ಎದ್ದಿತು. ನಾನು ತೊಡೆ ತಟ್ಟಿ, "ಸದ್ಯ!" ಎಂದೆ. ಅವಳು ನುಂಗುವ ಹಾಗೆ ನೋಡಿದಳು.

"ಬೈಯೋದು ಆಮೇಲೆ. ಆಸ್ಪತ್ರೆಗೆ ನಡಿ, ಇನ್ನೂ ಎರಡು ದಿನ ಇದೆ."