ಎರಡಿಂಚಿನ ಮರ್ಯಾದೆ

ನಮ್ಮ ಸೋದರಮಾವ ದರ್ಜಿ. ಮಾರುಕಟ್ಟೆಯ ಮೆಟ್ಟಿಲ ಪಕ್ಕದ ಒಂದೇ ಕೋಣೆ ಅವನ ಅಂಗಡಿ. ಮುಂದೆ ಕತ್ತರಿಸುವ ಮೇಜು, ಹಿಂದೆ ಹೊಲಿಗೆ ಮಿಷನ್ನು, ಮೂಲೆಯಲ್ಲಿ ಪರದೆ ಹಾಕಿದ ನಿಲುಗನ್ನಡಿ. ಬಟ್ಟೆ ಕತ್ತರಿಸುವವನು ಮಾವ, ಹೊಲಿಯುವವಳು ಅತ್ತೆ, ಹೊಗಳಿಸಿಕೊಳ್ಳುವವನು ಮತ್ತೆ ಮಾವ. ಬಾಗಿಲ ಮೇಲೆ ಅವನೇ ಬರೆಸಿದ ಬೋರ್ಡು: ‘ನಮ್ಮ ಹೊಲಿಗೆ ಬಿಟ್ಟರೆ ಹೊಸ ಬಟ್ಟೆ ಉಚಿತ.’ ಮೂವತ್ತು ವರ್ಷದಲ್ಲಿ ಒಬ್ಬರೂ ಹೊಸ ಬಟ್ಟೆ ಕೇಳಿಕೊಂಡು ಬಂದಿರಲಿಲ್ಲ. ಇದನ್ನು ದಿನಕ್ಕೆರಡು ಸಲ ಯಾರಿಗಾದರೂ ಹೇಳದಿದ್ದರೆ ಅವನಿಗೆ ತಿಂದದ್ದು ಅರಗುತ್ತಿರಲಿಲ್ಲ.

ಗಿರಾಕಿಗಳು ಅವನನ್ನು ಬಿಟ್ಟುಹೋಗದಿರುವುದಕ್ಕೆ ಇನ್ನೊಂದು ಕಾರಣವಿತ್ತು. ಅದು ಅವನ ಕೊರಳಲ್ಲೇ ನೇತಾಡುತ್ತಿತ್ತು. ಅಂಗಡಿ ಹಾಕಿದ ಹೊಸದರಲ್ಲಿ ದಪ್ಪಗಿನ ಗಿರಾಕಿಯೊಬ್ಬರ ಸೊಂಟ ಅಳೆದು ಮಾವ “ನಲವತ್ನಾಲ್ಕು!” ಎಂದು ಕೂಗಿದ್ದನಂತೆ. ಅವರು ಸಿಡಿಮಿಡಿಗೊಂಡು, “ನಿನ್ನ ಟೇಪೇ ಸರಿಯಿಲ್ಲ ಕಣಯ್ಯಾ,” ಎಂದು ಬೈದು ಎದುರಿನ ಅಂಗಡಿಗೆ ನಡೆದರಂತೆ. ಮಾವ ಅವರ ಮಾತನ್ನೇ ನಿಜ ಮಾಡಿದ. ಹಳೆಯ ಟೇಪೊಂದರಿಂದ ಎರಡಿಂಚು ಕತ್ತರಿಸಿ, ತನ್ನ ಟೇಪಿನ ಸೊನ್ನೆಯ ಮುಂದೆ ಸೇರಿಸಿ ಹೊಲಿದು, ತುದಿಗೆ ಹಿತ್ತಾಳೆ ಪಟ್ಟಿ ಕೂರಿಸಿದ. ಅಲ್ಲಿಂದಾಚೆಗೆ ಎಲ್ಲರ ಸೊಂಟವೂ ಎರಡಿಂಚು ಇಳಿಯಿತು. ಕೂಗುವುದು ಮೂವತ್ತಾರು, ಅಳತೆ ಪುಸ್ತಕದಲ್ಲಿ ಬರೆಯುವುದು ಮೂವತ್ತೆಂಟು.

“ಬಾಯಲ್ಲೇ ಎರಡು ಕಮ್ಮಿ ಹೇಳಿದ್ರೆ ಆಗ್ತಿರಲಿಲ್ವೇನ್ರೀ?” ಎಂದು ಅತ್ತೆ ಕೇಳಿದ್ದಳಂತೆ.

“ಛೆ ಛೆ, ನಾನು ಸುಳ್ಳು ಹೇಳೋನಲ್ಲ. ಟೇಪು ಏನು ಹೇಳುತ್ತೋ ಅದನ್ನೇ ಹೇಳ್ತೀನಿ,” ಎಂದನಂತೆ ಮಹಾನುಭಾವ.

ನಿವೃತ್ತ ಹೆಡ್‌ಮೇಷ್ಟ್ರು ಬಂದರಂತೂ ನೋಡಬೇಕಿತ್ತು. “ನಲವತ್ತು!” ಎಂದು ಕೇಳಿಸಿಕೊಂಡದ್ದೇ ಕನ್ನಡಿಯ ಮುಂದೆ ಒಂದು ಸುತ್ತು ತಿರುಗಿ, “ಬೆಳಿಗ್ಗೆ ನಡೀತೀನಲ್ಲ, ಅದರ ಗುಣ,” ಎನ್ನುತ್ತಿದ್ದರು. ಮಿಷನ್ನಿನ ಹಿಂದೆ ಅತ್ತೆ ಬಾಯಿಗೆ ಬಟ್ಟೆ ಚೂರು ತುರುಕಿಕೊಳ್ಳುತ್ತಿದ್ದಳು. ಅಷ್ಟು ವರ್ಷ ಅಷ್ಟು ನಗು ತಡೆದುಕೊಂಡ ಹೊಟ್ಟೆ ಒಡೆಯದೆ ಉಳಿದದ್ದೇ ಆಶ್ಚರ್ಯ.

ಹೀಗಿರುವಾಗ ದರ್ಜಿಗಳ ಸಂಘದವರು ಮಾವನಿಗೆ ಸನ್ಮಾನ ಮಾಡಲು ಹೊರಟರು. ಮೂವತ್ತು ವರ್ಷದಲ್ಲಿ ಅವನ ಅಂಗಡಿಯ ಒಂದು ಬಟ್ಟೆಯ ಹೊಲಿಗೆಯೂ ಬಿಟ್ಟಿಲ್ಲವೆಂಬುದೇ ಅದಕ್ಕೆ ಕಾರಣ. ಮಾವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆ ದಿನಕ್ಕೆಂದು ಹೊಸ ಪ್ಯಾಂಟು ಆಗಲೇಬೇಕು. ಅತ್ತೆ ತನ್ನ ಡಬ್ಬಿಯಲ್ಲಿದ್ದ ಸಾಚಾ ಟೇಪು ತಂದು ಅವನ ಸೊಂಟ ಅಳೆದಳು.

“ನಲವತ್ತು.”

“ಏನಂದೆ? ಮದುವೇಲಿ ಮೂವತ್ನಾಲ್ಕು ಇದ್ದೋನು ನಾನು! ಅಳತೆ ತೆಗೆಯೋಕೇ ಬರಲ್ಲ ನಿಂಗೆ,” ಎಂದು ಮಾವ ಕೊರಳಿನ ಟೇಪು ತೆಗೆದು ತಾನೇ ಸುತ್ತಿಕೊಂಡ. ಮೂವತ್ತೆಂಟು. “ನೋಡು, ಕಣ್ಬಿಟ್ಟು ನೋಡು!”

ಊರವರಿಗೆಲ್ಲ ಎರಡಿಂಚು ಸೇರಿಸುವುದನ್ನು ಒಂದು ದಿನವೂ ಮರೆಯದವನು ತನಗೆ ಸೇರಿಸಿಕೊಳ್ಳಲಿಲ್ಲ. ಮೂವತ್ತೆಂಟಕ್ಕೇ ಕತ್ತರಿಸಿದ. ಅತ್ತೆಗೆ ಎಲ್ಲ ತಿಳಿದಿತ್ತು. “ದರ್ಜಿ ನೀವಲ್ವಾ,” ಎಂದಷ್ಟೇ ಹೇಳಿ ಹೊಲಿಯಲು ಕೂತಳು. ಆದರೆ ಹಿಂಬದಿಯ ಹೊಲಿಗೆಯನ್ನು ಒಂದರ ಮೇಲೊಂದರಂತೆ ಮೂರು ಸಲ ಹಾಕಿದಳು.

ಭಾನುವಾರ ಬೆಳಿಗ್ಗೆ ಸಭೆ. ಅರ್ಧ ಸಭೆ ಮಾವನ ಗಿರಾಕಿಗಳೇ. ವೇದಿಕೆಯ ಮೇಲೆ ಕುರ್ಚಿಯಿದ್ದರೂ ಮಾವ ಕೂರಲಿಲ್ಲ. ವಿನಯವೆಂದು ಜನ ಮೆಚ್ಚಿಕೊಂಡರು. ಕೂತರೆ ಏನಾಗುತ್ತದೆಂದು ಅವನಿಗೆ ಅಷ್ಟರಲ್ಲಿ ಅರ್ಥವಾಗಿತ್ತು ಎಂದು ನನ್ನ ಲೆಕ್ಕ. ಸಂಘದ ಅಧ್ಯಕ್ಷರು ಬೇರೆ ಯಾರೂ ಅಲ್ಲ, ಎದುರಂಗಡಿಯ ಹಿರಿಯ ದರ್ಜಿ. ಅವರು ಬಹುಮಾನದ ಕತ್ತರಿಯ ಪೆಟ್ಟಿಗೆ ಕೊಡುವಾಗ ಅದರ ಮುಚ್ಚಳ ಜಾರಿ ಕೆಳಗೆ ಬಿತ್ತು. ಮಾವ ಮೈಮರೆತು ಬಗ್ಗಿದ.

ಪರ್ರ್!

ಮೈಕು ಹತ್ತಿರವೇ ಇತ್ತು. ಕೊನೆಯ ಸಾಲಿನವರಿಗೂ ಸ್ಪಷ್ಟವಾಗಿ ಕೇಳಿಸಿತು. ಆಮೇಲೆ ಮೊದಲ ಸಾಲಿನಿಂದ ಒಂದು ನಗು ಸಿಡಿಯಿತು. ಅತ್ತೆಯದು. ಅವಳ ಹಿಂದೆಯೇ ಸಭೆಗೆ ಸಭೆಯೇ ಹೊಟ್ಟೆ ಬಿರಿಯುವಂತೆ ನಗತೊಡಗಿತು. ನಾನೂ ನಕ್ಕೆ, ಸುಳ್ಳೇಕೆ ಹೇಳಲಿ.

ಅಧ್ಯಕ್ಷರು ಮೈಕು ಹಿಡಿದು, ಬೆಣ್ಣೆಯಂಥ ದನಿಯಲ್ಲಿ ಕೇಳಿದರು: “ಅಲ್ಲಾ, ಈ ಪ್ಯಾಂಟು ಹೊಲಿದವರು ಯಾರು?”

ಅತ್ತೆಯ ನಗು ಗಕ್ಕನೆ ನಿಂತಿತು. ಹೊಲಿದವಳು ಅವಳು, ಅದು ಊರಿಗೇ ಗೊತ್ತು. ‘ಅವಳ ಹೊಲಿಗೆ ಬಿಟ್ಟಿತು’ ಎಂದು ಮಾವ ಒಂದು ಮಾತು ಹೇಳಿದ್ದರೆ ಟೇಪಿನ ಗುಟ್ಟೂ ಉಳಿಯುತ್ತಿತ್ತು, ಅವನ ಮಾನವೂ ಉಳಿಯುತ್ತಿತ್ತು. ಮಾವ ಅತ್ತೆಯನ್ನೇ ನೋಡಿದ.

“ಹೊಲಿದದ್ದು ನಮ್ಮವಳು,” ಎಂದ ಮಾವ. ಸಭೆಗೆ ಬೆನ್ನು ತಿರುಗಿಸಿ ನಿಂತ. ಮರ್ಯಾದೆಯೆಲ್ಲ ಗಾಳಿಗೆ ಬಿಟ್ಟು ಬೆರಳಿಟ್ಟು ತೋರಿಸಿದ. “ಸರಿಯಾಗಿ ನೋಡಿ. ಹೊಲಿಗೆ ಬಿಟ್ಟಿಲ್ಲ. ಪಕ್ಕದಲ್ಲಿ ಬಟ್ಟೆ ಹರಿದಿದೆ. ಅವಳ ಹೊಲಿಗೆ ಈ ಮೂವತ್ತು ವರ್ಷದಲ್ಲಿ ಒಂದ್ಸಲವೂ ಬಿಟ್ಟಿಲ್ಲ. ತಪ್ಪು ನನ್ನ ಅಳತೇದು.” ಆಮೇಲೆ ಅಂದೂ ಕೊರಳಲ್ಲೇ ಇದ್ದ ಟೇಪು ತೆಗೆದು ಮೇಲೆತ್ತಿ, ಎರಡಿಂಚಿನ ಕಥೆಯನ್ನು ಮೊದಲಿಂದ ಕೊನೆಯವರೆಗೆ ಹೇಳಿಬಿಟ್ಟ.

ಈಗ ಯಾರೂ ನಗಲಿಲ್ಲ. ಗಂಡಸರೆಲ್ಲ ತಲೆ ತಗ್ಗಿಸಿ ತಂತಮ್ಮ ಸೊಂಟ ನೋಡಿಕೊಂಡರು. ಅತ್ತೆ ಅಳುತ್ತಿದ್ದಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮರುದಿನ ಹನ್ನೊಂದಾದರೂ ಅಂಗಡಿಗೆ ಒಂದು ನರಪಿಳ್ಳೆಯೂ ಬರಲಿಲ್ಲ. ಬೋರ್ಡನ್ನು ಇಳಿಸಿ ಗೋಡೆಗೆ ಒರಗಿಸಿದ್ದಾಯಿತು. ಮಾವ ಬಹುಮಾನದ ಕತ್ತರಿ ಹಿಡಿದು ಟೇಪಿನ ಆ ಎರಡಿಂಚನ್ನು ಕತ್ತರಿಸಬೇಕು, ಅಷ್ಟರಲ್ಲಿ ಹೆಡ್‌ಮೇಷ್ಟ್ರು ಒಳಗೆ ನುಗ್ಗಿದರು.

“ಏ ಏ, ಕತ್ತರಿ ಕೆಳಗಿಡಿ! ಮೊದಲು ನನ್ನ ಅಳತೆ ತೆಗೀರಿ. ಅದೇ ಟೇಪಲ್ಲಿ.”

“ಈಗ ಎಲ್ಲಾ ಗೊತ್ತಾಗಿದೆಯಲ್ಲ ಸಾರ್...”

“ಗೊತ್ತಾಗಿರೋದು ನನಗೆ. ನಮ್ಮನೆಯವಳು ನಿನ್ನೆ ಸಭೆಗೆ ಬಂದಿರಲಿಲ್ಲ.” ಅವರು ದನಿ ತಗ್ಗಿಸಿದರು. “ಹೊರಗಡೆ ನಿಂತಿದಾಳೆ. ಸ್ವಲ್ಪ ಜೋರಾಗಿ ಕೂಗಿ.”

ಮಾವ ಅತ್ತೆಯ ಕಡೆ ನೋಡಿದ. ಅತ್ತೆ ಮಿಷನ್ನಿನಿಂದ ಎದ್ದು ಬಂದು, ಮೇಜಿನ ಮೇಲಿದ್ದ ಅಳತೆ ಪುಸ್ತಕವನ್ನು ಎತ್ತಿಕೊಂಡಳು.

“ನೀವು ಕೂಗಿ. ಇನ್ಮೇಲೆ ಬರೆಯೋದು ನಾನು.”

“ನಲವತ್ತು!” ಎಂದು ಮಾವ ಮಾರುಕಟ್ಟೆಗೇ ಕೇಳಿಸುವಂತೆ ಕೂಗಿದ. ಅತ್ತೆ ಬಟ್ಟೆ ಚೂರನ್ನು ಬಾಯಿಗೆ ತುರುಕಿಕೊಂಡು ನಲವತ್ತೆರಡು ಎಂದು ಬರೆದಳು.